ಹ್ಯಾಂಡ್ ಮಿಕ್ಸರ್ ಕೊಳ್ಳುವವರು ಮೊದಲು ನೋಡಬೇಕಾದ್ದು ಒಂದನೇ ಸ್ಪೀಡ್

ಕೇಕ್ ಮಾಡಲು ಹ್ಯಾಂಡ್ ಮಿಕ್ಸರ್ ಕೊಳ್ಳಬೇಕು, ಎಷ್ಟು ವ್ಯಾಟಿನದು ತಗೊಳ್ಳಲಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ: ವ್ಯಾಟ್ ಆಮೇಲೆ ನೋಡಿ, ಒಂದನೇ ಸ್ಪೀಡಿನಲ್ಲಿ ಅದು ಎಷ್ಟು ನಿಧಾನವಾಗಿ ತಿರುಗುತ್ತದೆ ಅನ್ನುವುದನ್ನು ಮೊದಲು ನೋಡಿ. ನನ್ನದು 2021ರಲ್ಲಿ ಹಾಸನದ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಕೊಂಡ 300 ವ್ಯಾಟಿನ, ಐದು ಸ್ಪೀಡಿನ, ಮಧ್ಯಮ ಬೆಲೆಯ ಮೆಷಿನ್. ಮಕ್ಕಳ ಹುಟ್ಟುಹಬ್ಬ, ಕ್ರಿಸ್‌ಮಸ್ ಪ್ಲಮ್ ಕೇಕ್, ಗುರುತಿನವರ ಸಣ್ಣಪುಟ್ಟ ಆರ್ಡರ್ ಎಲ್ಲಕ್ಕೂ ಅಂದಿನಿಂದ ಇದೇ ದುಡಿಯುತ್ತಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳು ಬೇರೆ ಬೇರೆ ಥರ ಇರುತ್ತವೆ, ಇವತ್ತಿದ್ದ ಮಾಡೆಲ್ ಮುಂದಿನ ವರ್ಷ ಸಿಗುವುದಿಲ್ಲ.

ವ್ಯಾಟ್ ಅಂದರೆ ಮೆಷಿನ್ ಎಳೆಯುವ ಕರೆಂಟಿನ ಲೆಕ್ಕ. ಅದರಲ್ಲಿ ಬೀಟರ್‌ಗೆ, ಅಂದರೆ ತಿರುಗುವ ಕಡ್ಡಿಗೆ, ಎಷ್ಟು ಸೇರುತ್ತದೆ, ಬಿಸಿಯಾಗಿ ಎಷ್ಟು ಪೋಲಾಗುತ್ತದೆ ಎಂದು ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ. ಮೊಟ್ಟೆ, ಕ್ರೀಮ್, ತೆಳು ಹಿಟ್ಟು ಇಷ್ಟೇ ಆದರೆ 150 ವ್ಯಾಟಿನದೂ ಸಾಲುತ್ತದೆ. ಬೆಣ್ಣೆ ಸಕ್ಕರೆ ಹೊಡೆಯುವವರಿಗೆ, ಅರ್ಧ ಕೆ.ಜಿ., ಒಂದು ಕೆ.ಜಿ. ಕೇಕ್ ಮಾಡುವವರಿಗೆ 250ರಿಂದ 300 ಹದವಾದ ಅಳತೆ.

ಈಗ ಒಂದನೇ ಸ್ಪೀಡಿನ ವಿಷಯ. ಅಗ್ಗದ ಕೆಲವು ಮೆಷಿನ್‌ಗಳು ಒಂದಕ್ಕೆ ಇಟ್ಟ ಕೂಡಲೇ ಭರ್ರೆಂದು ಶುರುವಾಗುತ್ತವೆ. ನಾದಿನಿಯ ಮನೆಯಲ್ಲಿರುವುದು ಅಂಥದ್ದು. ಮೈದಾ ಹಾಕಿ ಬಟನ್ ತಳ್ಳಿದರೆ ಸ್ಟೌವಿನವರೆಗೂ ಹಿಟ್ಟು ಹಾರುತ್ತದೆ. ಅಡುಗೆಮನೆ ಗಲೀಜಾದರೆ ಒರೆಸಬಹುದು. ಕೇಕ್ ಕೆಟ್ಟರೆ ಸರಿಮಾಡಲು ಆಗುವುದಿಲ್ಲ. ಮೈದಾ ಒದ್ದೆಯಾದ ಮೇಲೆ ಜೋರಾಗಿ, ಹೆಚ್ಚು ಹೊತ್ತು ಹೊಡೆದರೆ ಅದರೊಳಗಿನ ಗ್ಲುಟನ್ ಎಂಬ ಅಂಟು ಬಲಿತು ಕೇಕ್ ರಬ್ಬರಿನಂತಾಗುತ್ತದೆ. ಎಗ್‌ಲೆಸ್ ಕೇಕಿನಲ್ಲಂತೂ ಇದು ಇನ್ನೂ ಸೂಕ್ಷ್ಮ. ಮೊಸರು ಮತ್ತು ಸೋಡಾ ಸೇರಿದ ಕ್ಷಣದಿಂದ ಗುಳ್ಳೆ ಏಳಲು ಶುರುವಾಗುತ್ತದೆ, ಆಮೇಲೆ ಹೊಡೆದಷ್ಟೂ ಆ ಗಾಳಿ ಹೊರಗೆ ಹೋಗುತ್ತದೆ. ನಾನು ಮೈದಾ ಹಾಕಿದ ಮೇಲೆ ಒಂದನೇ ಸ್ಪೀಡಿನಲ್ಲಿ ಒಣ ಹಿಟ್ಟು ಕಾಣದಾಗುವಷ್ಟು ಮಾತ್ರ ತಿರುಗಿಸಿ, ಉಳಿದದ್ದನ್ನು ಸೌಟಿನಲ್ಲಿ ಮಗುಚುತ್ತೇನೆ.

ನಮ್ಮ ಊರಿನವರಿಗೆ ಎಗ್‌ಲೆಸ್ ಮುಖ್ಯ, ಅದಕ್ಕೇ ಇಷ್ಟು ಹೇಳಿದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಮೊದಲ ಅಯ್ಯಂಗಾರ್ ಬೇಕರಿ ಎನ್ನಲಾಗುವ ಬಿ.ಬಿ. ಬೇಕರಿ ಶುರು ಮಾಡಿದ ತಿರುಮಲಾಚಾರ್ ಅವರು ಹಾಸನದ ಕಡೆಯವರು. ಮೊಟ್ಟೆ ಹಾಕದೆ ಮೆತ್ತಗಿನ ಕೇಕ್ ಮಾಡುವ ಅಯ್ಯಂಗಾರ್ ಬೇಕರಿಗಳ ರುಚಿ ತಿಂದು ಬೆಳೆದವರು ನಾವು. ಗಟ್ಟಿ ಕೇಕ್ ಕೊಟ್ಟರೆ ಇಲ್ಲಿ ಯಾರೂ ಎರಡನೇ ತುಂಡು ಕೇಳುವುದಿಲ್ಲ.

ಈ ಮೆಷಿನ್ ತನ್ನ ಬೆಲೆ ದುಡಿದುಕೊಟ್ಟದ್ದು ಬೆಣ್ಣೆ ಸಕ್ಕರೆ ಹೊಡೆಯುವುದರಲ್ಲಿ. ಸಕ್ಕರೆಯ ಹರಳು ಬೆಣ್ಣೆಯನ್ನು ಕೊರೆದು ಅದರೊಳಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆ ತುಂಬುತ್ತದೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ಇರುವ ಗುಳ್ಳೆಗಳನ್ನೇ ಓವನ್ನಿನಲ್ಲಿ ಉಬ್ಬಿಸುತ್ತದೆ. ಹಾಗಾಗಿ ಈ ಹಂತದಲ್ಲಿ ಅವಸರಪಟ್ಟರೆ ಎಷ್ಟು ಪೌಡರ್ ಹಾಕಿದರೂ ಪ್ರಯೋಜನವಿಲ್ಲ. ಕೈಯಲ್ಲಿ ಹೊಡೆದರೆ ತೋಳು ಸೋಲುತ್ತದೆ, ಮಿಕ್ಸಿ ಜಾರಿನ ಬ್ಲೇಡು ಬೆಣ್ಣೆಯನ್ನು ಬಿಸಿ ಮಾಡಿ ಕರಗಿಸುತ್ತದೆ. ಹ್ಯಾಂಡ್ ಮಿಕ್ಸರ್‌ನಲ್ಲಿ ಮೂರನೇ ಸ್ಪೀಡಿಗೆ ನಾಲ್ಕೈದು ನಿಮಿಷದಲ್ಲಿ ಹಳದಿ ಬೆಣ್ಣೆ ಬೆಳ್ಳಗಾಗಿ ಹಗುರವಾಗುತ್ತದೆ.

ಬೆಣ್ಣೆಯ ಬಿಸಿ 18ರಿಂದ 21 ಡಿಗ್ರಿ ಇರಬೇಕು ಎನ್ನುತ್ತಾರೆ. ಹಾಸನದಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಅಡುಗೆಮನೆಯೇ ಅದಕ್ಕಿಂತ ತಣ್ಣಗಿರುತ್ತದೆ. ಹೊರಗಿಟ್ಟ ಬೆಣ್ಣೆ ಮೆತ್ತಗಾಗುವುದಿಲ್ಲ, ಮೋಟರ್ ಏದುಸಿರು ಬಿಡುತ್ತದೆ. ಬೆಣ್ಣೆಯನ್ನು ಸಣ್ಣ ತುಂಡು ಮಾಡಿ, ಬಿಸಿನೀರಲ್ಲಿ ತೊಳೆದು ಒರೆಸಿದ ಪಾತ್ರೆಯಲ್ಲಿ ಹಾಕಿ ಒಂದನೇ ಸ್ಪೀಡಿನಿಂದ ಶುರು ಮಾಡಿದರೆ ಆಗುತ್ತದೆ. ಏಪ್ರಿಲ್‌ನಲ್ಲಿ ಇದರ ಉಲ್ಟಾ: ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತಿಗೇ ಹೊಡೆಯಬೇಕು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನಂಶ ಹೆಚ್ಚು, ಮೊಟ್ಟೆ ಹಾಕಿದಾಗ ಒಡೆದಂತಾಗುತ್ತದೆ. ಅದನ್ನು ಚೆನ್ನಾಗಿ ಹಿಂಡಿ ನೀರು ತೆಗೆದೇ ಬಳಸಿ.

ಮೊಟ್ಟೆಯ ಬಿಳಿಗೆ ಇದರಷ್ಟು ಒಳ್ಳೆಯ ಸಾಧನ ಮನೆಯಲ್ಲಿ ಇನ್ನೊಂದಿಲ್ಲ. ಸ್ಟೀಲ್ ಪಾತ್ರೆ ಇರಲಿ, ಎಣ್ಣೆ ಪಸೆ ಇರಬಾರದು, ಹಳದಿಯ ಒಂದು ತೊಟ್ಟೂ ಬೀಳಬಾರದು. ಜಿಡ್ಡು ಸೇರಿದರೆ ನೊರೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಬೌಲ್ ತೊಳೆದರೂ ಜಿಡ್ಡು ಹಿಡಿದುಕೊಂಡಿರುತ್ತದೆ. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿ ಓವನ್ನಿನೊಳಗೆ ಗಾಳಿ ತುಸು ಹೆಚ್ಚೇ ಹಿಗ್ಗುತ್ತದೆ. ಸ್ಪಂಜ್ ಕೇಕಿಗೆ ನೊರೆಯ ತುದಿ ಬಾಗುವ ಹದಕ್ಕೇ ನಾನು ನಿಲ್ಲಿಸುತ್ತೇನೆ, ಕಡ್ಡಿಯಂತೆ ನೆಟ್ಟಗೆ ನಿಲ್ಲುವವರೆಗೆ ಹೊಡೆಯುವುದಿಲ್ಲ.

ಕ್ರೀಮ್ ಬಗ್ಗೆ ಎರಡೇ ಮಾತು. ಪ್ಯಾಕೆಟ್ ಮೇಲೆ 25% ಕೊಬ್ಬು ಎಂದಿರುವ ಅಡುಗೆ ಕ್ರೀಮ್ ಎಷ್ಟು ಹೊಡೆದರೂ ಗಟ್ಟಿಯಾಗುವುದಿಲ್ಲ, 30ಕ್ಕಿಂತ ಮೇಲಿರಬೇಕು. ಹಾಲಿನ ಕ್ರೀಮನ್ನು ಹದ ಮೀರಿ ಹೊಡೆದರೆ ಬೆಣ್ಣೆಯಾಗಿ ಕೂರುತ್ತದೆ, ಕೊನೆಯ ಅರ್ಧ ನಿಮಿಷ ಸ್ಪೀಡ್ ಇಳಿಸಿಬಿಡಿ.

ಜೊತೆಗೆ ಬರುವ ಡೋ ಹುಕ್ (ಹಿಟ್ಟು ಕಲಸುವ ಕೊಕ್ಕೆ) ನೋಡಿ ಯಾರೂ ಆಸೆಪಡಬೇಡಿ. ಚಪಾತಿ ಹಿಟ್ಟು, ಬನ್ ಹಿಟ್ಟು ಇದರಲ್ಲಿ ಕಲಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೋಟರ್ ತಂಪು ಮಾಡುವ ಫ್ಯಾನ್ ಅದೇ ಮೋಟರಿನ ಶಾಫ್ಟ್ ಮೇಲಿರುತ್ತದೆ. ಗಟ್ಟಿ ಹಿಟ್ಟಿಗೆ ಸಿಕ್ಕಿ ಮೋಟರ್ ನಿಧಾನವಾದರೆ ಫ್ಯಾನೂ ನಿಧಾನವಾಗುತ್ತದೆ, ಹೆಚ್ಚು ಬಿಸಿಯಾಗುವ ಹೊತ್ತಿಗೇ ಗಾಳಿ ಕಡಿಮೆ. ನನ್ನ ಮೆಷಿನ್ನಿನ ಪುಸ್ತಕದಲ್ಲೇ ಐದು ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ಓಡಿಸಬೇಡಿ ಎಂದಿದೆ. ಬನ್ನಿನ ಹಿಟ್ಟಿಗೆ ಕೈಯೇ ಸರಿ.

ಬೀಟರ್‌ಗಳ ಆಕಾರವನ್ನೂ ನೋಡಿ. ಮಧ್ಯದಲ್ಲಿ ಕಂಬವಿರುವ ಪಟ್ಟಿ ಬೀಟರಿಗೆ ಬೆಣ್ಣೆ ಅಂಟಿ ಅಲ್ಲೇ ಕೂರುತ್ತದೆ. ಬರೀ ತಂತಿ ಬಾಗಿಸಿ ಮಾಡಿದ್ದನ್ನು ತೊಳೆಯುವುದು ಸುಲಭ. ನಮ್ಮ ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಎರಡು ಮೆಷಿನ್ ಕೊಳ್ಳೋಣವೇ ಎಂದು ಯೋಚಿಸುತ್ತಿದ್ದಾಗ ಅವರೇ, ‘ಮೆಷಿನ್ ಒಂದೇ ಇರಲಿ ಬಿಡಮ್ಮ, ಆ ಕಡ್ಡಿ ಮಾತ್ರ ಬೇರೆ ಇಟ್ಕೊ’ ಅಂದರು. ಇನ್ನೊಂದು ಜೊತೆ ಬೀಟರ್ ತರಿಸಿದೆ. ಎಗ್‌ಲೆಸ್‌ನದಕ್ಕೆ ಕೆಂಪು ದಾರ ಕಟ್ಟಿ ಬೇರೆ ಡಬ್ಬದಲ್ಲಿಟ್ಟಿದ್ದೇನೆ, ಕೆಲಸಕ್ಕೆ ಮುಂಚೆ ದಾರ ಬಿಚ್ಚುತ್ತೇನೆ. ಅವರು ನೆಮ್ಮದಿಯಾಗಿ ಕೇಕ್ ತಿನ್ನುತ್ತಾರೆ, ನನಗೆ ಅದಕ್ಕಿಂತ ಏನು ಬೇಕು. ಆದರೆ ಬಿಡಿ ಬೀಟರ್ ಎಲ್ಲ ಮಾಡೆಲ್‌ಗೂ ಸಿಗುವುದಿಲ್ಲ, ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಮಳೆಗಾಲದಲ್ಲಿ ಕರೆಂಟು ಹೋಗಿಬರುವುದು ಇದ್ದದ್ದೇ. ನಮ್ಮ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಹಾಕಿದರೆ ಮೋಟರ್ ಗೊರಗೊರ ಅನ್ನುತ್ತದೆ, ಬೇಗ ಬಿಸಿಯೂ ಆಗುತ್ತದೆ. ಸೈನ್ ವೇವ್ ಇನ್ವರ್ಟರ್ ಇರುವ ತಂಗಿಯ ಮನೆಯಲ್ಲಿ ಆ ಸದ್ದಿಲ್ಲ. ಕರೆಂಟು ಹೋದಾಗ ಸ್ವಿಚ್ಚನ್ನು ಸೊನ್ನೆಗೆ ತರುವುದನ್ನು ಮಾತ್ರ ಮರೆಯಬೇಡಿ. ತಟ್ಟನೆ ಬಂದರೆ ಬೌಲಿನಲ್ಲಿರುವುದೆಲ್ಲ ಗೋಡೆಗೆ.

ಸವಕಳಿಯ ಲೆಕ್ಕ ಹೀಗಿದೆ. ಎರಡನೇ ವರ್ಷದ ಹೊತ್ತಿಗೆ ಬೀಟರ್ ಸಿಗಿಸುವ ತೂತಿನ ಸುತ್ತ ಕಪ್ಪು ಗ್ರೀಸ್ ಇಣುಕಿತು. ಗೇರಿನ ಗ್ರೀಸ್ ಬಿಸಿಗೆ ಕರಗಿ ಇಳಿಯುವುದು ಹ್ಯಾಂಡ್ ಮಿಕ್ಸರ್‌ಗಳಲ್ಲಿ ಇರುವಂಥದ್ದೇ, ಆದರೆ ಬಿಳಿ ಕ್ರೀಮಿಗೆ ಬಿದ್ದರೆ ಅಷ್ಟೂ ಚೆಲ್ಲಬೇಕು. ಈಗ ಪ್ರತಿ ಸಲ ಬೀಟರ್ ಸಿಗಿಸುವ ಮುನ್ನ ಒಣ ಬಟ್ಟೆಯಲ್ಲಿ ಅಲ್ಲಿ ಒರೆಸುತ್ತೇನೆ. ಆಮೇಲೆ ಒಮ್ಮೆ ಗಾಳಿಕಿಂಡಿಯಲ್ಲಿ ಕಿಡಿ ಹೆಚ್ಚಾಗಿ ಸುಟ್ಟ ವಾಸನೆ ಬಂತು. ವಾರಂಟಿ ಮುಗಿದಿತ್ತು, ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ‘ಕಾರ್ಬನ್ ಸವೆದದೆ ಅಕ್ಕ, ಮೋಟರ್‌ಗೇನೂ ಆಗಿಲ್ಲ’ ಎಂದು ಹೊಸ ಕಾರ್ಬನ್ ಬ್ರಷ್ ಹಾಕಿಕೊಟ್ಟರು, ಖರ್ಚೂ ಹೆಚ್ಚಾಗಲಿಲ್ಲ. ಸಕ್ಕರೆ ಪುಡಿ, ಮೈದಾ ಧೂಳು ಆ ಕಿಂಡಿಯೊಳಗೆ ಹೋಗದಂತೆ ನೋಡಿಕೊಂಡರೆ ಮೋಟರಿನ ಆಯಸ್ಸು ಹೆಚ್ಚುತ್ತದೆ. ಆರ್ಡರ್ ತೆಗೆದುಕೊಳ್ಳುವವರು ವಾರಂಟಿ ಕಾರ್ಡ್ ಪೂರ್ತಿ ಓದಿ, ಹೆಚ್ಚಿನವುಗಳಲ್ಲಿ ಮನೆ ಬಳಕೆಗೆ ಮಾತ್ರ ಎಂಬ ಷರತ್ತು ಇರುತ್ತದೆ.

ಆನ್‌ಲೈನ್‌ನಲ್ಲಿ ನೂರಿನ್ನೂರು ಉಳಿಯಬಹುದು, ಆದರೂ ಮೊದಲ ಮೆಷಿನ್ನನ್ನು ಅಂಗಡಿಗೆ ಹೋಗಿಯೇ ಕೊಳ್ಳಿ. ‘ಅಣ್ಣ, ಒಂದ್ಸಲ ಪ್ಲಗ್ ಹಾಕಿ ತೋರಿಸಿ’ ಎಂದು ಕೇಳಿ. ಒಂದನೇ ಸ್ಪೀಡಿನಲ್ಲಿ ತಿರುಗುವ ತಂತಿಗಳು ಕಣ್ಣಿಗೆ ಬೇರೆ ಬೇರೆಯಾಗಿ ಕಂಡರೆ ಒಳ್ಳೆಯದು, ಶುರುವಾದ ಕೂಡಲೇ ಮಸುಕಾಗಿಬಿಟ್ಟರೆ ಬೇಡ. ಒಂದೇ ಕೈಯಲ್ಲಿ ಎರಡು ನಿಮಿಷ ಹಿಡಿದು ನಿಲ್ಲಿ, ಒಂದು ಕೆ.ಜಿ. ದಾಟಿದರೆ ಮಣಿಕಟ್ಟು ನೋಯುತ್ತದೆ. ವೈರಿನ ಉದ್ದ ನಿಮ್ಮ ಅಡುಗೆಮನೆಯ ಸ್ವಿಚ್ ಬೋರ್ಡಿನಿಂದ ಕಟ್ಟೆಗೆ ಎಟಕುತ್ತದೆಯೇ ನೋಡಿ. ವಾರಕ್ಕೆ ನಾಲ್ಕೈದು ಕೇಕ್ ಮಾಡುವಷ್ಟು ಆರ್ಡರ್ ಬರುವವರಿಗೆ ಇದು ಸಾಲದು, ಅವರು ಸ್ಟ್ಯಾಂಡ್ ಮಿಕ್ಸರಿಗೆ ದುಡ್ಡು ಕೂಡಿಸಿ. ತಿಂಗಳಿಗೆ ಒಂದೆರಡು ಕೇಕ್, ಹಬ್ಬಕ್ಕೆ ಬಿಸ್ಕತ್ತು ಮಾಡುವ ಮನೆಗೆ 250 ವ್ಯಾಟಿನ, ನಿಧಾನ ಒಂದನೇ ಸ್ಪೀಡಿನ, ತಂತಿ ಬೀಟರಿನ ಮೆಷಿನ್ ಧಾರಾಳ ಸಾಕು.