ಸಾ ಪಾಮೆಟೊ ಕ್ಯಾಪ್ಸೂಲ್: 14 ತಿಂಗಳು ತೆಗೆದುಕೊಂಡ ಮೇಲೆ

ಶಿರಸಿ ಹತ್ತಿರದ ಹಳ್ಳಿ, ಹಳೇ ಮನೆ, ಬಚ್ಚಲು ಹಿತ್ತಲಲ್ಲಿ. ರಾತ್ರಿ ಒಂದಕ್ಕೆ ಏಳುವುದೆಂದರೆ ಚಿಲಕ ತೆಗೆದು, ಒಂದು ಕೈಯಲ್ಲಿ ಟಾರ್ಚು, ಮಳೆಗಾಲವಾದರೆ ಇನ್ನೊಂದರಲ್ಲಿ ಕೊಡೆ ಹಿಡಿದು ಅಂಗಳ ದಾಟಬೇಕು. 64ರ ವಯಸ್ಸಿನಲ್ಲಿ ಅದನ್ನು ರಾತ್ರಿಗೆ ನಾಲ್ಕು ಸಲ ಮಾಡುತ್ತಿದ್ದೆ. ಹೋದರೂ ಸಲೀಸಿಲ್ಲ, ನಿಂತು ಕಾಯಬೇಕು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ಲಕ್ಷಣ ಇದೇ ಎಂದು ಗೊತ್ತಿದ್ದೂ ಡಾಕ್ಟರ ಹತ್ತಿರ ಹೋಗಲು ಸಂಕೋಚ.

ಅಳಿಯ ಈ ಡಬ್ಬಿ ತರಿಸಿಕೊಟ್ಟರು. 160 ಮಿ.ಗ್ರಾಂ, ದಿನಕ್ಕೆ ಎರಡು, ತಿಂಗಳಿಗೆ ₹1,150. ಅಮೆರಿಕದ ಫ್ಲೋರಿಡಾ ಕಡೆ ಬೆಳೆಯುವ ಕುಳ್ಳ ತಾಳೆಯ ಹಣ್ಣಿನ ಸಾರ. ನಮ್ಮ ಅಡಿಕೆಯ ಕುಟುಂಬದ್ದೇ ಗಿಡ ಎಂದು ಓದಿದಾಗ ನಂಬಿಕೆ ಇನ್ನೂ ಹೆಚ್ಚಾಯಿತು. ಒಂದನ್ನು ಸೂಜಿಯಿಂದ ಚುಚ್ಚಿ ನೋಡಿದೆ: ಕಂದು ಎಣ್ಣೆ, ಹಳೇ ಕೊಬ್ಬರಿಯಂಥ ಕಮಟು ವಾಸನೆ. ಉಂಡ ಮೇಲೆ ತೆಗೆದುಕೊಂಡರೆ ತೊಂದರೆಯಿಲ್ಲ, ಬರೀ ಹೊಟ್ಟೆಗೆ ತೇಗು ಬರುತ್ತದೆ.

ದೇವರ ಕೋಣೆಯ ಪಕ್ಕದ ಕ್ಯಾಲೆಂಡರಿನಲ್ಲಿ ರಾತ್ರಿ ಎದ್ದಷ್ಟು ಸಲ ಪೆನ್ಸಿಲ್ ಗೆರೆ ಎಳೆಯುತ್ತಾ ಬಂದೆ. ನಾಲ್ಕು ಗೆರೆ ಮೂರಾಯಿತು, ಎರಡನೇ ತಿಂಗಳಿಗೆ ಎರಡು. ಎಷ್ಟು ಖುಷಿಯಾಯಿತೆಂದರೆ ಸೊಸೈಟಿಯಲ್ಲಿ ಸಿಕ್ಕ ಇಬ್ಬರಿಗೆ ನಾನೇ ಹೆಸರು ಬರೆದುಕೊಟ್ಟೆ. ಈಗ ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಆಷಾಢದಲ್ಲಿ ಡಬ್ಬಿ ಖಾಲಿಯಾಯಿತು. ಹೊಸದು ಬರಲು ಐದು ವಾರ ಹಿಡಿಯಿತು. ಗೆರೆ ಎಳೆಯುವುದನ್ನು ಬಿಟ್ಟಿರಲಿಲ್ಲ. ಐದು ವಾರವೂ ಎರಡೇ ಗೆರೆ, ಕೆಲವು ರಾತ್ರಿ ಒಂದೇ.

ಹಾಗಾದರೆ ಕಡಿಮೆ ಮಾಡಿದ್ದು ಯಾವುದು? ಉತ್ತರ ಹೆಂಡತಿಯ ಹತ್ತಿರ ಇತ್ತು. ಮೊದಲ ಡಬ್ಬಿ ಬಂದ ದಿನವೇ ಅವಳು, "ಔಷಧ ಅಂದಮೇಲೆ ಪಥ್ಯ ಬೇಡವಾ?" ಎಂದು ರಾತ್ರಿಯ ಅಪ್ಪೆಹುಳಿ, ಮಲಗುವಾಗಿನ ಕಷಾಯ ಎರಡನ್ನೂ ನಿಲ್ಲಿಸಿದ್ದಳು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಇಂಗಿನ ಒಗ್ಗರಣೆ ಬಿದ್ದ ತೆಳು ಅಪ್ಪೆಹುಳಿ ಅನ್ನಕ್ಕೆ ಒಂದು ಸೌಟು, ಕುಡಿಯಲು ಎರಡು ಲೋಟ. ಅದರ ಮೇಲೆ ಕೊತ್ತಂಬರಿ-ಜೀರಿಗೆ ಕಷಾಯ, ಹಾಲು ಬೆಲ್ಲ ಹಾಕಿ ಇನ್ನೊಂದು ಲೋಟ. ಮಗಳು ಬಂದಾಗ ಒಂದು ರಾತ್ರಿ ಎಲ್ಲವನ್ನೂ ಮೊದಲಿನಂತೆ ಕುಡಿದೆ. ಹೊಸ ಡಬ್ಬಿಯ ಕ್ಯಾಪ್ಸೂಲೂ ಹೊಟ್ಟೆಯಲ್ಲಿತ್ತು. ಬೆಳಗ್ಗೆ ನಾಲ್ಕು ಗೆರೆ.

ಆಮೇಲೆ ಹುಬ್ಬಳ್ಳಿಗೆ ಹೋಗಿ ಮೂತ್ರರೋಗ ತಜ್ಞರನ್ನು ಕಂಡೆ. ತೊಂದರೆ ಎಷ್ಟಿದೆ ಎಂದು ಅಳೆಯುವ ಏಳು ಪ್ರಶ್ನೆಗಳ ಹಾಳೆ ಕೊಟ್ಟರು, 35ಕ್ಕೆ 17 ಬಂತು, ಮಧ್ಯಮ ಅಂದರು. ಸ್ಕ್ಯಾನ್ ಆಯಿತು, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ಪಿಎಸ್‌ಎ ರಕ್ತಪರೀಕ್ಷೆಯೂ ಆಯಿತು. ಕ್ಯಾಪ್ಸೂಲಿನ ವಿಷಯ ತೆಗೆದಾಗ ಅವರು ಬೈಯಲಿಲ್ಲ. ಅಮೆರಿಕದಲ್ಲಿ 225 ಗಂಡಸರಿಗೆ ಇದೇ ಪ್ರಮಾಣದಲ್ಲಿ ಒಂದು ವರ್ಷ ಕೊಟ್ಟು ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಗಿದೆ, 2011ರ ಇನ್ನೊಂದರಲ್ಲಿ ಮೂರು ಪಟ್ಟಿನವರೆಗೆ ಏರಿಸಿದ್ದರು. ಎರಡರಲ್ಲೂ ಔಷಧವಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ ಎಂದು ವಿವರಿಸಿದರು. ಮೂತ್ರದ ದಾರಿ ಸಡಿಲಿಸುವ ಔಷಧ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಬರೆದುಕೊಟ್ಟರು. ವಾರದೊಳಗೆ ನಿಂತು ಕಾಯುವುದು ತಪ್ಪಿತು. ಹಾಸಿಗೆಯಿಂದ ಥಟ್ಟನೆ ಎದ್ದರೆ ತಲೆ ತಿರುಗುತ್ತದೆ, ಸ್ವಲ್ಪ ಕೂತು ಏಳಬೇಕು.

ಹೋದ ₹16,000ಕ್ಕೆ ನನಗೆ ಬೇಸರವಿಲ್ಲ. ಸಿಟ್ಟು ಬರುವುದು ಡಬ್ಬಿಯೊಳಗಿನ ಚೀಟಿಯಲ್ಲಿದ್ದ "ಯಾವ ಪರೀಕ್ಷೆಯೂ ಬೇಡ" ಎಂಬ ಸಾಲಿಗೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲೂ ಇವೇ ಲಕ್ಷಣ ಇರಬಹುದು, ಶುರುವಿನಲ್ಲಿ ಏನೂ ಗೊತ್ತಾಗದೆಯೂ ಇರಬಹುದು. ನನ್ನ ಪಿಎಸ್‌ಎ ಸರಿಯಿತ್ತು, ಆದರೆ ಆ 14 ತಿಂಗಳು ಅದು ನನಗೆ ಗೊತ್ತಿರಲಿಲ್ಲ.

ಐದಕ್ಕೆ ಒಂದು ಸ್ಟಾರ್. ಆ ಇಬ್ಬರಿಗೆ ಫೋನ್ ಮಾಡಿದ್ದೇನೆ. ಒಬ್ಬರು ಬರುವ ಸೋಮವಾರ ನನ್ನ ಜೊತೆ ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ನಮ್ಮ ಮನೆಯಲ್ಲಿ ಅಪ್ಪೆಹುಳಿ ಈಗ ಮಧ್ಯಾಹ್ನದ ಊಟಕ್ಕೆ.