ಇಬ್ಬಣ್ಣದ ಡಾಟಿಬ್ಯಾಕ್ ಮೀನಿನೊಡನೆ ಮೂರು ವರ್ಷ: 190 ಲೀಟರಿನ ಹವಳದ ತೊಟ್ಟಿಯ ಅನುಭವ

ಅಂಗಡಿಯವರು ರಾಯಲ್ ಗ್ರಾಮಾ ಎಂದು ಹೇಳಿ ಕೊಟ್ಟ ಮೀನು ರಾಯಲ್ ಗ್ರಾಮಾ ಅಲ್ಲವೆಂಬುದು ನನಗೆ ಗೊತ್ತಾದದ್ದು ಹನ್ನೊಂದು ದಿನಗಳ ನಂತರ, ನನ್ನ ಬಳಿ ಮೊದಲೇ ಇದ್ದ ಫೈರ್‌ಫಿಶ್ ಎಂಬ ಮೀನು ತೊಟ್ಟಿಯ ಸ್ಟ್ಯಾಂಡಿನ ಹಿಂದೆ ನೆಲದ ಮೇಲೆ ಒಣಗಿ ಬಿದ್ದಿದ್ದ ಬೆಳಿಗ್ಗೆ. ಅದು ಹಾರಿಬಿದ್ದದ್ದು ತಾನಾಗಿಯೇ. ಆದರೆ ಹಾರುವಂತೆ ಅದನ್ನು ಮೂರು ದಿನ ಮೂಲೆಯಿಂದ ಮೂಲೆಗೆ ಅಟ್ಟಿದ್ದು ಹೊಸದಾಗಿ ಬಂದ ಏಳು ಸೆಂಟಿಮೀಟರಿನ ಈ ನೇರಳೆ-ಹಳದಿ ಡಾಟಿಬ್ಯಾಕ್ ಮೀನು. ಆ ದಿನ ನಾನು ಈ ವಿಮರ್ಶೆಯನ್ನು ಬರೆದಿದ್ದರೆ ಯಾರೂ ಇದನ್ನು ಕೊಳ್ಳಬಾರದು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ಮೂರು ವರ್ಷಗಳ ನಂತರ ನನ್ನ ಅಭಿಪ್ರಾಯ ಅಷ್ಟು ಚಿಕ್ಕದಾಗಿ ಉಳಿದಿಲ್ಲ.

ಮೊದಲು ಈ ಎರಡು ಮೀನುಗಳ ಗೊಂದಲವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಚಿಕ್ಕದಾದ, ಬಣ್ಣ ತುಂಬಿದ ಮೀನನ್ನು ಹುಡುಕುವವರು ಎಡವುವುದು ಬಹುತೇಕ ಇಲ್ಲಿಯೇ. ರಾಯಲ್ ಗ್ರಾಮಾ, ಅಂದರೆ ಗ್ರಾಮಾ ಲೊರೆಟೊ, ಕೆರಿಬಿಯನ್ ಸಮುದ್ರದ ಮೀನು. ನನ್ನ ಮನೆಯಲ್ಲಿರುವ ಇಬ್ಬಣ್ಣದ ಡಾಟಿಬ್ಯಾಕ್, ಅಂದರೆ ಪಿಕ್ಟಿಕ್ರೋಮಿಸ್ ಪಕಾನೆಲ್ಲಾ, ಪಶ್ಚಿಮ ಪೆಸಿಫಿಕ್‌ನ ಮೀನು. ಎರಡಕ್ಕೂ ಮುಂಭಾಗ ನೇರಳೆ ಹಣ್ಣಿನ ಬಣ್ಣ, ಹಿಂಭಾಗ ಅರಿಶಿನ. ಗ್ರಾಮಾದಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಚುಕ್ಕೆ ಚುಕ್ಕೆಯಾಗಿ ಕರಗುತ್ತದೆ, ಬೆನ್ನಿನ ರೆಕ್ಕೆಯ ಮುಂತುದಿಯಲ್ಲಿ ಕಪ್ಪು ಮಚ್ಚೆ ಇರುತ್ತದೆ, ಕಣ್ಣಿನ ಮೂಲಕ ಕಪ್ಪು ಗೆರೆ ಹಾಯುತ್ತದೆ. ಡಾಟಿಬ್ಯಾಕ್‌ನಲ್ಲಿ ಎರಡು ಬಣ್ಣಗಳು ಸೀರೆಯ ಒಡಲೂ ಸೆರಗೂ ಸೇರುವ ಹಾಗೆ ಒಂದೇ ಗೆರೆಯಲ್ಲಿ ಸೇರುತ್ತವೆ, ರೆಕ್ಕೆಯ ಮೇಲೆ ಆ ಮಚ್ಚೆ ಇರುವುದಿಲ್ಲ. ಗ್ರಾಮಾ ಬಂಡೆಯ ಚಾಚಿನ ಅಡಿಯಲ್ಲಿ ಹೊಟ್ಟೆಯನ್ನು ಬಂಡೆಗೆ ತಿರುಗಿಸಿ ತಲೆಕೆಳಗಾಗಿ ನಿಲ್ಲುವುದೂ ಒಂದು ಗುರುತು. ಬೆಂಗಳೂರಿನ ಅಂಗಡಿಯಲ್ಲಿ 1,100 ರೂಪಾಯಿಗೆ ಕೆರಿಬಿಯನ್ ಮೀನು ಸಿಕ್ಕಾಗಲೇ ನಾನು ಅನುಮಾನ ಪಡಬೇಕಿತ್ತು. ಅಂಗಡಿಯವರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಹೆಸರು ತಪ್ಪಾಗಿಯೇ ಅವರಿಗೂ ಬಂದಿರಬಹುದು. ಆದರೆ ಮರಳಿ ತೆಗೆದುಕೊಳ್ಳಿ ಎಂದು ಕೇಳಿದಾಗ, ಒಮ್ಮೆ ಮಾರಿದ ಜೀವವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಖಂಡಿತವಾಗಿ ಹೇಳಿದರು, ಮತ್ತು ಆ ಬೇಸರ ನನಗೆ ಬಹಳ ದಿನ ಇತ್ತು.

ನನ್ನ ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆ ಇರುವುದರಿಂದ ಅವುಗಳನ್ನು ನಾನು ಇಟ್ಟಿಲ್ಲ. ಮಶ್ರೂಮ್ ಮತ್ತು ಲೆದರ್ ಜಾತಿಯ ಮೃದು ಹವಳಗಳಷ್ಟೇ ಇವೆ. ಮೊದಲಿನಿಂದಲೂ ಒಂದು ಜೋಡಿ ಕ್ಲೌನ್ ಮೀನುಗಳಿವೆ. ಅವು ಸಮುದ್ರದಿಂದ ಹಿಡಿದವಲ್ಲ, ಸಾಕಣೆಯ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಮರಿಗಳು. ಬೆಳಿಗ್ಗೆ ಏಳಕ್ಕೆ ಆವಿಯಾದಷ್ಟು ಆರ್‌ಒ ನೀರನ್ನು ಗೆರೆಯವರೆಗೆ ತುಂಬುವುದು ನನ್ನ ದಿನದ ಮೊದಲ ಕೆಲಸ. ಚಳಿಗಾಲದಲ್ಲಿ ಒಂದು ಲೀಟರ್ ಸಾಕಾಗುತ್ತದೆ. ಏಪ್ರಿಲಿನಲ್ಲಿ ನೀರು ಕಾಯದಂತೆ ಮೇಲೆ ಎರಡು ಸಣ್ಣ ಫ್ಯಾನ್ ಓಡುತ್ತಿರುವಾಗ ಮೂರು ಲೀಟರ್ ಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹೀಗಾಗಿ ತುಂಬುವುದು ಸಿಹಿನೀರನ್ನೇ. ಎರಡು ವಾರಕ್ಕೊಮ್ಮೆ ಭಾನುವಾರ ಇಪ್ಪತ್ತು ಲೀಟರ್ ಬದಲಾಯಿಸುತ್ತೇನೆ, ಅದಕ್ಕೆ ಸುಮಾರು 700 ಗ್ರಾಂ ಉಪ್ಪು ಕರಗಿಸುತ್ತೇನೆ.

ಇಂಥ ಸಣ್ಣ ಜಾಗದಲ್ಲಿ ಈ ಮೀನಿನ ಕೋಪ ಹೇಗಿರುತ್ತದೆಂದು ವಿವರವಾಗಿಯೇ ಹೇಳಬೇಕು, ಏಕೆಂದರೆ ಮಾರುವವರು ಬಳಸುವ ‘ಸ್ವಲ್ಪ ಆಕ್ರಮಣಕಾರಿ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಬಂದ ಎರಡನೆಯ ದಿನವೇ ಅದು ಎಡಗಡೆಯ ಬಂಡೆಯ ಕೆಳಗಿನ ಬಿಲವನ್ನು ಹಿಡಿದುಕೊಂಡಿತು. ಫೈರ್‌ಫಿಶ್ ಆ ಬಿಲದಿಂದ ಒಂದು ಗೇಣು ದೂರದಲ್ಲಿ ನೀರಿನ ನಡುವೆ ತೇಲುತ್ತಿದ್ದರೂ ಸಾಕು, ಒಳಗಿನಿಂದ ಮೊದಲು ಬರಿಯ ಮೂತಿ ಕಾಣುತ್ತಿತ್ತು, ಆಮೇಲೆ ಕಣ್ಣು, ಆಮೇಲೆ ಕಣ್ಣಿಗೆ ನಿಲುಕದ ವೇಗದಲ್ಲಿ ಇಡೀ ದೇಹ ಹೊರಬಂದು, ಫೈರ್‌ಫಿಶ್‌ನ ಪಕ್ಕೆಗೆ ತಾಗಿ, ಅದೇ ದಾರಿಯಲ್ಲಿ ಹಿಮ್ಮುಖವಾಗಿ ಬಿಲಕ್ಕೆ ಸರಿಯುತ್ತಿತ್ತು. ಕಚ್ಚಿದ ಗಾಯ ನನಗೆ ಕಾಣಲೇ ಇಲ್ಲ. ಕಂಡದ್ದು ಫೈರ್‌ಫಿಶ್‌ನ ಬೆನ್ನಿನ ಉದ್ದ ರೆಕ್ಕೆ ದಿನದಿಂದ ದಿನಕ್ಕೆ ಮಡಚಿಕೊಂಡದ್ದು, ಅದು ಊಟಕ್ಕೂ ಬಾರದೆ ಮೇಲ್ಮೈಯ ಮೂಲೆಯಲ್ಲಿಯೇ ನಿಂತದ್ದು. ಫೈರ್‌ಫಿಶ್ ಹೆದರಿದರೆ ಹಾರುವ ಮೀನು. ತೊಟ್ಟಿಯ ಮೇಲೆ ಬಲೆಯ ಮುಚ್ಚಳ ಹಾಕದಿದ್ದದ್ದು ನನ್ನ ತಪ್ಪು, ಅದನ್ನು ಮೀನಿನ ಮೇಲೆ ಹೊರಿಸಲಾರೆ. ಆ ವಾರದಲ್ಲಿಯೇ ‘ಸೆಕ್ಸಿ ಶ್ರಿಂಪ್’ ಎಂಬ ಜಾತಿಯ ನನ್ನ ಎರಡು ಪುಟ್ಟ ಸೀಗಡಿಗಳೂ ಕಾಣೆಯಾದವು. ಡಾಟಿಬ್ಯಾಕ್ ಹವಳವನ್ನು ಮುಟ್ಟುವುದಿಲ್ಲ ಎಂಬುದು ನಿಜ, ಆದರೆ ಬಾಯಿಗೆ ಹಿಡಿಯುವ ಸೀಗಡಿ ಅದಕ್ಕೆ ಆಹಾರ.

ಹಿಡಿದು ಹೊರಹಾಕಬೇಕೆಂದು ನಿಶ್ಚಯಿಸಿದೆ. ಎರಡು ಲೀಟರಿನ ತಂಪುಪಾನೀಯದ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅದನ್ನೇ ತಿರುಗಿಸಿ ಒಳಕ್ಕೆ ಸಿಕ್ಕಿಸಿ, ಬಿಸಿ ಸೂಜಿಯಿಂದ ತೂತು ಮಾಡಿ, ಒಳಗೆ ಮೈಸಿಸ್ ಸೀಗಡಿ ಹಾಕಿ ಬಿಲದ ಎದುರಿಗೆ ಇಟ್ಟೆ. ಮೊದಲ ದಿನ ಮೂರು ಸಲವೂ ಒಳಹೊಕ್ಕದ್ದು ಕ್ಲೌನ್ ಹೆಣ್ಣು. ಎರಡು ದಿನ ತೊಟ್ಟಿಗೆ ಊಟ ಕೊಡದೆ ಮೂರನೆಯ ಸಂಜೆ ಮತ್ತೆ ಇಟ್ಟಾಗ ಡಾಟಿಬ್ಯಾಕ್ ಸಿಕ್ಕಿತು. ಅದನ್ನು ಬಾಟಲಿಯ ಸಮೇತ ಎತ್ತಿ ಬೆಳಕಿಗೆ ಹಿಡಿದ ಕ್ಷಣದಲ್ಲಿ ನನ್ನ ನಿರ್ಧಾರ ಸಡಿಲವಾಯಿತು. ಬಿಲದ ನೆರಳಿನಲ್ಲಿ ಕಪ್ಪಾಗಿ ಕಾಣುತ್ತಿದ್ದ ನೇರಳೆ ಕಿಟಕಿಯ ಬಿಸಿಲಿಗೆ ಗುಲಾಬಿಯತ್ತ ತಿರುಗಿತ್ತು, ಕಣ್ಣಿನ ಸುತ್ತ ಕೂದಲೆಳೆಯಷ್ಟು ತೆಳುವಾದ ನೀಲಿ ಅಂಚು ಹೊಳೆಯುತ್ತಿತ್ತು, ಮತ್ತು ಅದು ನನ್ನನ್ನು ನೋಡಿ ಹಿಂದೆ ಸರಿಯದೆ ಬಾಯಿ ತೆರೆದು ಎದುರಿಗೆ ನಿಂತಿತು.

ಮಾರುವ ಬದಲು ಒಂದು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಹಾಕಿ, ಅದೇ ತೊಟ್ಟಿಯೊಳಗೆ ಹನ್ನೆರಡು ದಿನ ತೂಗುಹಾಕಿದೆ. ಆ ಅವಧಿಯಲ್ಲಿ ಬಂಡೆಗಳನ್ನೆಲ್ಲ ಕಿತ್ತು ಬೇರೆ ರೀತಿಯಲ್ಲಿ ಜೋಡಿಸಿದೆ, ಹಿಂಬದಿಯಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ಎಲ್ಬೋಗಳನ್ನು, ಅಂದರೆ ಬಾಗಿದ ತುಂಡುಗಳನ್ನು, ಚೂರುಕಲ್ಲುಗಳ ನಡುವೆ ಹುದುಗಿಸಿ ಆರು ಹೊಸ ಬಿಲಗಳನ್ನು ಮಾಡಿದೆ, ಹಳದಿ ಬಾಲದ ಒಂದು ನೀಲಿ ಡ್ಯಾಮ್ಸೆಲ್ ಮೀನನ್ನು ಮೊದಲು ಬಿಟ್ಟು ಅದು ನೆಲೆ ಕಂಡುಕೊಂಡ ಮೇಲೆ ಡಾಟಿಬ್ಯಾಕ್‌ನ ಪೆಟ್ಟಿಗೆಯನ್ನು ತೆರೆದೆ. ಹಳೆಯ ಬಿಲ ಇಲ್ಲದ ಕಾರಣ ಅದು ತಾನೇ ಹೊಸಬನಂತೆ ಎರಡು ದಿನ ಅಡಗಿತ್ತು. ಅಂದಿನಿಂದ ಇಂದಿನವರೆಗೆ ಅಟ್ಟಾಟ ಇದೆ, ಸಾವು ಆಗಿಲ್ಲ. ಹವಳದ ದಿಬ್ಬದಲ್ಲಿ ಬಿಲದ ಎದುರು ಬಂದ ಮೀನನ್ನು ಇದು ಅಟ್ಟಿದರೆ ಆ ಮೀನು ನಾಲ್ಕು ಮಾರು ದೂರ ಹೋಗುತ್ತದೆ, ಜಗಳ ಮುಗಿಯುತ್ತದೆ. ಮೂರು ಅಡಿ ಗಾಜಿನೊಳಗೆ ಹೋಗುವುದಕ್ಕೆ ದೂರವೇ ಇಲ್ಲ. ಇದನ್ನು ಅರಿತ ಮೇಲೆ ಅದರ ಮೇಲಿದ್ದ ನನ್ನ ಸಿಟ್ಟು ಬಹುಮಟ್ಟಿಗೆ ಇಳಿಯಿತು.

ಸಂಜೆ ಏಳೂವರೆಗೆ ಊಟ ಕೊಡುವುದು ಈಗ ಮನೆಯವರೆಲ್ಲ ಕಾಯುವ ಹೊತ್ತು. ತೊಟ್ಟಿಯ ನೀರನ್ನೇ ಒಂದು ಸ್ಟೀಲ್ ಲೋಟಕ್ಕೆ ತೆಗೆದು, ಫ್ರೀಜರಿನ ಮೈಸಿಸ್ ತುಂಡನ್ನು ಅದರಲ್ಲಿ ಕರಗಲು ಬಿಟ್ಟು, ಹತ್ತು ನಿಮಿಷ ಪಂಪ್‌ಗಳನ್ನು ನಿಲ್ಲಿಸುತ್ತೇನೆ. ಪಂಪಿನ ಸದ್ದು ನಿಂತೊಡನೆ ಡಾಟಿಬ್ಯಾಕ್ ಬಲಗಡೆಯ ಎಲ್ಬೋದ ಬಾಯಿಗೆ ಬಂದು ನಿಲ್ಲುತ್ತದೆ. ಸದ್ದಿನ ಅರ್ಥ ಅದಕ್ಕೆ ಗೊತ್ತು. ನಮ್ಮ ತಾಯಿಯವರು ‘ಇಬ್ಬಣ್ಣದವನು ಬಂದ’ ಎಂದು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. ಮೊದಲು ಅದರ ಮುಂದೆ ಎರಡು ಸೀಗಡಿ ಬಿಟ್ಟು ಆಮೇಲೆ ಉಳಿದವರಿಗೆ ಕೊಟ್ಟರೆ ಅಂದಿನ ಜಗಳ ಅರ್ಧ ಕಡಿಮೆಯಾಗುತ್ತದೆ; ಇದು ನಾನು ಕಂಡುಕೊಂಡ ಅತ್ಯಂತ ಉಪಯುಕ್ತ ಅಭ್ಯಾಸ. ನಾನು ನಿರೀಕ್ಷಿಸದ ಇನ್ನೊಂದು ಲಾಭವೆಂದರೆ, ಕಲ್ಲಿನ ಸಂದುಗಳಲ್ಲಿ ವಿಪರೀತವಾಗಿದ್ದ ಚಿಕ್ಕ ಬ್ರಿಸಲ್ ಹುಳುಗಳು ಮೊದಲ ವರ್ಷದಲ್ಲಿಯೇ ಬಹಳ ಕಡಿಮೆಯಾದವು. ರಾತ್ರಿ ದೀಪ ಆರುವ ಮುನ್ನ ಅದು ಒಂದು ಹುಳುವನ್ನು ಹಿಡಿದು ಕಲ್ಲಿಗೆ ಉಜ್ಜಿ ನುಂಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇದೇ ಅಳತೆಯ ಬೇರೆ ಮೀನುಗಳ ಬಗೆಗೆ ಕೇಳುವವರಿಗೆ ಇಷ್ಟು ಹೇಳಬಲ್ಲೆ. ಹಣ ಹೆಚ್ಚಿದ್ದರೆ ಕೆಂಪು ಸಮುದ್ರದ ಆರ್ಕಿಡ್ ಡಾಟಿಬ್ಯಾಕ್ ಉತ್ತಮ. ಮೈಯೆಲ್ಲ ಕೆನ್ನೇರಳೆ, ಸ್ವಭಾವ ಸಾಕಷ್ಟು ಸೌಮ್ಯ, ತೊಟ್ಟಿಯಲ್ಲಿ ಹುಟ್ಟಿದ ಮರಿಗಳೂ ದೊರೆಯುತ್ತವೆ. ಆರು ಗೆರೆಯ ರಾಸ್ ಮೀನನ್ನು ಸ್ನೇಹಿತರೊಬ್ಬರ ಮನೆಯಲ್ಲಿ ಎರಡು ವರ್ಷ ನೋಡಿದ್ದೇನೆ. ರಾತ್ರಿ ತನ್ನ ಸುತ್ತ ಲೋಳೆಯ ಗೂಡು ಕಟ್ಟಿಕೊಂಡು ಮಲಗುವ ಸುಂದರ ಮೀನು, ಆದರೆ ತನ್ನ ನಂತರ ಬಂದ ಯಾವುದನ್ನೂ ನೆಮ್ಮದಿಯಾಗಿ ಇರಗೊಡಲಿಲ್ಲ. ಕಡಿಮೆ ಬೆಲೆಗೆ ಸಿಗುವ, ಕಪ್ಪು ಮೈಯ ಮೇಲೆ ಮೂರು ಬಿಳಿ ಚುಕ್ಕೆಯ ಡಾಮಿನೋ ಡ್ಯಾಮ್ಸೆಲ್ ಮರಿ ಎರಡು ಸೆಂಟಿಮೀಟರಿನಲ್ಲಿ ಮುದ್ದಾಗಿರುತ್ತದೆ. ಅದು ಹತ್ತು ಸೆಂಟಿಮೀಟರನ್ನೂ ಮೀರಿ ಬೆಳೆಯುತ್ತದೆ, ಬೆಳೆದಂತೆ ಬಣ್ಣ ಮಂಕಾಗುತ್ತದೆ, ಜಗಳ ಹೆಚ್ಚುತ್ತದೆ. ಮೂರು ಅಡಿಯ ತೊಟ್ಟಿಗೆ ಅದು ಬೇಡ. ನನ್ನ ಹಳದಿ ಬಾಲದ ಡ್ಯಾಮ್ಸೆಲ್ ಆ ಕುಟುಂಬದಲ್ಲಿ ಶಾಂತವಾದದ್ದು, ಮೊದಲ ಸಲ ಕೊಳ್ಳುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಇಬ್ಬಣ್ಣದ ಡಾಟಿಬ್ಯಾಕ್ ಬೇಕೇಬೇಕೆನ್ನುವವರು ನೂರು ಲೀಟರಿಗಿಂತ ಚಿಕ್ಕ ತೊಟ್ಟಿಯಲ್ಲಿ ಇಡಬಾರದು, ಒಂದಕ್ಕಿಂತ ಹೆಚ್ಚು ತರಬಾರದು, ಎಲ್ಲ ಮೀನುಗಳೂ ಬಂದು ನೆಲೆಸಿದ ಮೇಲೆ ಕೊನೆಯದಾಗಿ ಬಿಡಬೇಕು. ಫೈರ್‌ಫಿಶ್, ಸಣ್ಣ ಗೋಬಿ ಮೀನು, ನಿಜವಾದ ಗ್ರಾಮಾ ಮತ್ತು ಪುಟ್ಟ ಸೀಗಡಿಗಳ ಆಸೆಯನ್ನು ಬಿಟ್ಟುಬಿಡಬೇಕು. ನಾನು ಬಿಟ್ಟಿದ್ದೇನೆ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಆ ಫೈರ್‌ಫಿಶ್‌ಗಾಗಿ, ಅರ್ಧ ಸೀಗಡಿಗಳಿಗಾಗಿ.