ಡೆಕ್ಟ್, ವೈಫೈ ಹ್ಯಾಂಡ್‌ಸೆಟ್, ಮೊಬೈಲ್ ಆ್ಯಪ್: ಕಾರ್ಖಾನೆಯಲ್ಲಿ ಓಡಾಡುತ್ತಾ ಮಾತಾಡಲು ಯಾವುದು ಸರಿ?

ಪೀಣ್ಯದಲ್ಲಿ ನಮ್ಮ ಕಾರ್ಖಾನೆ, ದಾಬಸ್‌ಪೇಟೆಯಲ್ಲಿ ಅದರದೇ ಇನ್ನೊಂದು ಯೂನಿಟ್. ಎರಡೂ ಕಡೆ ಐಪಿ ಇಪಿಎಬಿಎಕ್ಸ್ (ನೆಟ್‌ವರ್ಕ್ ಮೇಲೆ ನಡೆಯುವ ಒಳಗಿನ ಫೋನ್ ಎಕ್ಸ್‌ಚೇಂಜ್) ಇದೆ, ನಡುವೆ ಲೀಸ್ಡ್ ಲೈನ್, ಅಂದರೆ ನಮಗೆ ಮಾತ್ರ ಅಂತ ಬಾಡಿಗೆಗೆ ಪಡೆದ ಡೇಟಾ ಲೈನ್. ಪೀಣ್ಯದ ಎಕ್ಸ್‌ಟೆನ್ಶನ್‌ಗಳು 2ರಿಂದ ಶುರು, ದಾಬಸ್‌ಪೇಟೆಯವು 3ರಿಂದ. ಮೇಂಟೆನೆನ್ಸ್‌ನವರು, ಸ್ಟೋರ್ಸ್‌ನವರು, ಶಿಫ್ಟ್ ಇನ್‌ಚಾರ್ಜ್‌ಗಳು ಕುರ್ಚಿಯಲ್ಲಿ ಕೂರುವವರೇ ಅಲ್ಲ. ಅವರ ಮೇಜಿನ ಫೋನ್ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತಿತ್ತು. ಕೈಯಲ್ಲಿ ಹಿಡಿದು ಓಡಾಡುವಂಥದ್ದು ಕೊಡೋಣ ಅಂತ ಮೂರು ಬಗೆಯನ್ನು ಡೆಮೊಗೆ ತರಿಸಿ ನೋಡಿದೆವು. ಒಂದು ಡೆಕ್ಟ್, ಅಂದರೆ ಅಲ್ಲಲ್ಲಿ ಹಾಕಿದ ಬೇಸ್ ಅನ್ನೋ ರೇಡಿಯೊ ಪೆಟ್ಟಿಗೆಗಳ ಜೊತೆ ಕೆಲಸ ಮಾಡುವ ಕಾರ್ಡ್‌ಲೆಸ್ ಫೋನ್. ಒಂದು ವೈಫೈ ಹ್ಯಾಂಡ್‌ಸೆಟ್, ಇನ್ನೊಂದು ಅವರವರ ಮೊಬೈಲ್‌ನಲ್ಲೇ ಎಕ್ಸ್‌ಟೆನ್ಶನ್ ಆಗಿ ಕೆಲಸ ಮಾಡುವ ಸಾಫ್ಟ್‌ಫೋನ್ ಆ್ಯಪ್. ಸಿಯುಜಿ ಸಿಮ್ (ಕಂಪನಿಯವರ ಗುಂಪಿಗೆ ಕೊಡುವ ಮೊಬೈಲ್ ಸಿಮ್) ಕೊಟ್ಟರೆ ಸಾಕಲ್ವಾ ಅಂತ ಅಕೌಂಟ್ಸ್‌ನವರು ಕೇಳಿದರು. ತಗಡಿನ ಶೆಡ್ ಒಳಗೆ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು. ಆ ಮಾತು ಅಲ್ಲಿಗೇ ಮುಗಿಯಿತು.

ವೆಂಡರ್‌ಗಳು ಎಲ್ಲರೂ "ರೋಮಿಂಗ್ ಇದೆ ಸಾರ್" ಅಂತಾರೆ. ಯಾವ ರೋಮಿಂಗ್ ಅಂತ ಕೇಳಿ. ಮಾತಾಡುತ್ತಿರುವಾಗಲೇ ಕಾಲ್ ಒಂದು ಬೇಸ್‌ನಿಂದ ಇನ್ನೊಂದಕ್ಕೆ ದಾಟುವುದು ಬೇರೆ. ಪೀಣ್ಯದಲ್ಲಿ ಜೇಬಿಗಿಟ್ಟ ಫೋನ್ ದಾಬಸ್‌ಪೇಟೆಯಲ್ಲಿ ಗಾಡಿ ಇಳಿದ ಮೇಲೂ ಅದೇ ನಂಬರ್‌ಗೆ ರಿಂಗ್ ಆಗುವುದು ಬೇರೆ. ಮೊದಲನೆಯದಕ್ಕೆ ರೇಡಿಯೊ ಚೆನ್ನಾಗಿರಬೇಕು, ಎರಡನೆಯದಕ್ಕೆ ಇಪಿಎಬಿಎಕ್ಸ್ ಪ್ರೋಗ್ರಾಮಿಂಗ್. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲಬಹುದು, ನಮ್ಮಲ್ಲಿ ಆದದ್ದೂ ಅದೇ.

ಪರೀಕ್ಷೆ ಮಾಡಿದ ರೀತಿ ತೀರಾ ಸರಳ. ಒಬ್ಬರು ಆಫೀಸಿನಲ್ಲಿ ಫೋನ್ ಕಿವಿಗೆ ಹಿಡಿದು ಕೂರಬೇಕು. ಇನ್ನೊಬ್ಬರು ಹ್ಯಾಂಡ್‌ಸೆಟ್ ಹಿಡಿದು ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸುತ್ತಾ ಮಾಮೂಲಿ ನಡಿಗೆಯಲ್ಲಿ ಸುತ್ತಬೇಕು. ಯಾವುದಾದರೂ ಅಂಕಿ ಕೇಳಿಸದಿದ್ದರೆ ಕೂತವರು ಹೇಳುತ್ತಾರೆ, ನಡೆಯುವವರು ಅಲ್ಲೇ ನೆಲಕ್ಕೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೆಯುತ್ತಾರೆ. ಡೆಕ್ಟ್‌ಗೆ ಬಿಳಿ, ವೈಫೈಗೆ ಹಳದಿ. ಕೊನೆಗೆ ನೆಲ ನೋಡಿದರೆ ಎಲ್ಲಾ ಗೊತ್ತಾಗುತ್ತದೆ. ಶೆಡ್‌ನ ನಡುವೆ ಗೆರೆಯೇ ಇರಲಿಲ್ಲ. ಬಿದ್ದದ್ದೆಲ್ಲ ಬಾಗಿಲು, ಮೆಟ್ಟಿಲು, ಸ್ಟೋರ್ಸ್‌ನ ಕಬ್ಬಿಣದ ರ‍್ಯಾಕ್ ಸಾಲಿನ ತಿರುವು, ಇಂಥ ಕಡೆಯೇ. ಹಾಗಾಗಿ ಇಷ್ಟು ಚದರಡಿಗೆ ಇಷ್ಟು ಬೇಸ್ ಅಂತ ಕೊಟೇಶನ್ ಕೊಡುವವರನ್ನು ನಾನು ನಂಬಲ್ಲ.

ಬಿಳಿ ಗೆರೆ ಕಡಿಮೆ ಬಿದ್ದವು. ಡೆಕ್ಟ್ ಅನ್ನೋದು ಮಾತಿಗೆ ಅಂತಲೇ ಮಾಡಿದ ರೇಡಿಯೊ. 10 ಮಿಲಿಸೆಕೆಂಡಿಗೆ ಒಂದು ಫ್ರೇಮ್ ಅಂದರೆ ಒಂದು ಸುತ್ತು, ಅದರಲ್ಲಿ 24 ಸ್ಲಾಟ್ ಅಂದರೆ ಸಮಯದ ತುಂಡುಗಳು, ಹೋಗಲು 12, ಬರಲು 12. ಒಂದು ಕಾಲ್‌ಗೆ ಒಂದು ಜೊತೆ ಸಾಕು. ಮಿಕ್ಕ ಹೊತ್ತಿನಲ್ಲಿ ಹ್ಯಾಂಡ್‌ಸೆಟ್ ಅಕ್ಕಪಕ್ಕದ ಬೇಸ್‌ಗಳು ಎಷ್ಟು ಜೋರಾಗಿ ಕೇಳಿಸುತ್ತಿವೆ ಅಂತ ನೋಡುತ್ತಲೇ ಇರುತ್ತದೆ. ಪಕ್ಕದ್ದು ಚೆನ್ನಾಗಿದೆ ಅನಿಸಿದರೆ ಅಲ್ಲಿ ಹೊಸ ಸ್ಲಾಟ್ ಹಿಡಿದುಕೊಂಡು, ಆಮೇಲೆ ಹಳೆಯದನ್ನು ಬಿಡುತ್ತದೆ. ಅದಕ್ಕೇ ದಾಟಿದ್ದು ಕಿವಿಗೆ ಗೊತ್ತಾಗುವುದಿಲ್ಲ. ಜೊತೆಗೆ ಅದರ ಬ್ಯಾಂಡ್ 1880ರಿಂದ 1900 ಮೆಗಾಹರ್ಟ್ಸ್, ಪಕ್ಕದ ಕಾರ್ಖಾನೆಯ ವೈಫೈ ಗಲಾಟೆ ಅಲ್ಲಿಗೆ ಬರಲ್ಲ. (ಅಮೆರಿಕದಿಂದ ನೆಂಟರು ತಂದುಕೊಟ್ಟ ಡೆಕ್ಟ್ 6.0 ಫೋನ್ ಮನೆಯಲ್ಲಿದ್ದರೆ ಇಲ್ಲಿ ಹಚ್ಚಬೇಡಿ. ಅದು 1920ರಿಂದ 1930ರಲ್ಲಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಆ ಜಾಗ ಮೊಬೈಲ್‌ಗಳು ಟವರ್‌ಗೆ ಮಾತು ಕಳಿಸುವ ಜಾಗ.)

ಆದರೆ ಡೆಕ್ಟ್‌ಗೂ ಒಂದು ಗುಟ್ಟಿದೆ, ಸಿಂಕ್. ಬೇಸ್‌ಗಳ ಗಡಿಯಾರ ಒಂದೇ ತಾಳದಲ್ಲಿ ಇರದಿದ್ದರೆ ಮಾತಿನ ನಡುವೆ ದಾಟುವುದು ಆಗಲ್ಲ. ಸಾಮಾನ್ಯವಾಗಿ ಒಂದು ಬೇಸ್ ಇನ್ನೊಂದನ್ನು ಗಾಳಿಯಲ್ಲೇ ಕೇಳಿಸಿಕೊಂಡು ತಾಳ ಹಿಡಿಯುತ್ತದೆ, ಅದನ್ನು ಮೂರನೆಯದು, ಹೀಗೆ ಸರಪಳಿ. ವೆಂಡರ್ ಕಡೆಯವರು ಸರ್ವೆ ಮಾಡಿದ್ದು ಹಗಲು, ಆಗ ಶೆಡ್‌ಗೂ ಗೋಡೌನ್‌ಗೂ ನಡುವಿನ ರೋಲಿಂಗ್ ಶಟರ್ ಮೇಲಿತ್ತು. ನೈಟ್ ಶಿಫ್ಟ್‌ನಲ್ಲಿ ಅದನ್ನು ಇಳಿಸಿ, ಪಕ್ಕದ ಚಿಕ್ಕ ಬಾಗಿಲಲ್ಲಿ ಓಡಾಡುತ್ತಾರೆ. ಶಟರ್ ಇಳಿದ ಮೇಲೆ ಗೋಡೌನ್‌ನ ಬೇಸ್‌ಗೆ ಶೆಡ್‌ನ ಬೇಸ್ ಕೇಳಿಸುತ್ತಲೇ ಇರಲಿಲ್ಲ. ಗೋಡೌನ್ ಒಳಗೆ ಮಾತು ಸ್ವಚ್ಛ, ಶೆಡ್ ಒಳಗೂ ಸ್ವಚ್ಛ, ಬಾಗಿಲು ದಾಟಿದರೆ ಮಾತ್ರ ಕಟ್. ಹಗಲು ನೋಡಿದರೆ ಏನೂ ತೊಂದರೆ ಇಲ್ಲ! ಹ್ಯಾಂಡ್‌ಸೆಟ್‌ನ ಸರ್ವೆ ಮೋಡ್‌ನಲ್ಲಿ ಈಗ ಯಾವ ಬೇಸ್, ಎಷ್ಟು ಸಿಗ್ನಲ್ ಅಂತ ಕಾಣಿಸುತ್ತದೆ. ಅದನ್ನು ಹಿಡಿದುಕೊಂಡು ರಾತ್ರಿ ಬಾಗಿಲ ಎರಡೂ ಬದಿ ನಿಂತಾಗಲೇ ವಿಷಯ ಬಯಲಾದದ್ದು. ಆಮೇಲೆ ಗೋಡೌನ್‌ನ ಬೇಸ್ ಮೇಲಿನ ಆಫೀಸಿನ ಬೇಸ್‌ನಿಂದ ತಾಳ ಹಿಡಿಯುವಂತೆ ಬದಲಿಸಿದೆವು. ಅವೆರಡರ ನಡುವೆ ವೆಂಟಿಲೇಟರ್ ಇದೆ, ಶಟರ್ ಇಲ್ಲ. ಕೆಲವು ಸಿಸ್ಟಂಗಳಲ್ಲಿ ನೆಟ್‌ವರ್ಕ್ ಕೇಬಲ್ ಮೂಲಕವೇ ಪಿಟಿಪಿ ಅನ್ನೋ ಗಡಿಯಾರ ಹೊಂದಿಸುವ ವಿಧಾನದಲ್ಲಿ ಸಿಂಕ್ ಮಾಡಬಹುದು, ಆದರೆ ನೆಟ್‌ವರ್ಕ್ ಸ್ವಿಚ್‌ಗಳು ಅದಕ್ಕೆ ತಕ್ಕನಾಗಿರಬೇಕು. ನಮ್ಮಲ್ಲಿ ನಾಲ್ಕು ಥರದ ಸ್ವಿಚ್ ಇವೆ, ಅದರ ಸಹವಾಸಕ್ಕೆ ಹೋಗಲಿಲ್ಲ.

ಇನ್ನೊಂದು ಲೆಕ್ಕ ಕಾಲ್‌ಗಳದ್ದು. ಒಂದು ಬೇಸ್‌ನಲ್ಲಿ ಒಂದೇ ಸಲ ಸುಮಾರು 8ರಿಂದ 10 ಕಾಲ್ ನಡೆಯುತ್ತವೆ. ಎಚ್‌ಡಿ ಧ್ವನಿ ಬೇಕು ಅಂತ ಜಿ.722 ಅನ್ನೋ ಧ್ವನಿ ಕೋಡೆಕ್ ಹಾಕಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಶಿಫ್ಟ್ ಬದಲಾಗುವ ಹೊತ್ತಿಗೆ ಎಲ್ಲರೂ ಟೈಮ್ ಆಫೀಸ್ ಹತ್ತಿರವೇ ನಿಂತು ಮಾತಾಡುತ್ತಾರಲ್ಲ, ಅಲ್ಲಿಗೆ ಇನ್ನೊಂದು ಬೇಸ್ ಬೇಕು. ಪ್ರೆಸ್ ಮೆಷಿನ್ ಸದ್ದಿನ ನಡುವೆ ಎಚ್‌ಡಿ ಕೇಳಿ ಯಾರಿಗೆ ಏನಾಗಬೇಕು? ತೆಗೆದೆವು.

ಈಗ ವೈಫೈ. ಕಾಗದದ ಮೇಲೆ ಇದೇ ಅಗ್ಗ. ಆಕ್ಸೆಸ್ ಪಾಯಿಂಟ್‌ಗಳು (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆಗಳು) ಆಗಲೇ ಇವೆ, ಹ್ಯಾಂಡ್‌ಸೆಟ್ ತಂದರೆ ಆಯಿತು ಅಂತ ಅನಿಸುತ್ತದೆ. ಆದರೆ ಅವನ್ನು ಹಾಕಿದ್ದು ಲ್ಯಾಪ್‌ಟಾಪ್‌ಗೆ. ಮಾತಿಗೆ ಎಲ್ಲ ಮೂಲೆಯಲ್ಲೂ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆದರೂ ಇರಬೇಕು, ಅದೂ ಒಂದರ ವ್ಯಾಪ್ತಿ ಇನ್ನೊಂದರ ಮೇಲೆ ಚೆನ್ನಾಗಿ ಹಾಯುವಂತೆ. ಮೇಲ್ ನೋಡುವವರಿಗೆ ಅರ್ಧ ಸೆಕೆಂಡ್ ಹೋದರೆ ಗೊತ್ತೇ ಆಗಲ್ಲ, ಮಾತಿನಲ್ಲಿ ಅರ್ಧ ಸೆಕೆಂಡ್ ಅಂದರೆ ಒಂದು ಪದ. ಹಳದಿ ಗೆರೆಗಳಲ್ಲಿ ಅರ್ಧಕ್ಕರ್ಧ ಹೀಗೆ ಬಿದ್ದವು. ಹ್ಯಾಂಡ್‌ಸೆಟ್ ಹಳೇ ಆಕ್ಸೆಸ್ ಪಾಯಿಂಟ್‌ಗೇ ಅಂಟಿಕೊಂಡು, ಪೂರ್ತಿ ಕೇಳದಂತಾದ ಮೇಲೆ ಎದ್ದು ಹೊಸದನ್ನು ಹುಡುಕಲು ಹೋಗುತ್ತದೆ.

ಅದರ ಮೇಲೆ ಲಾಗಿನ್ ಗೋಳು. ನಮ್ಮ ಆಫೀಸ್ ವೈಫೈನಲ್ಲಿ ಒಬ್ಬೊಬ್ಬರಿಗೂ ಬೇರೆ ಯೂಸರ್‌ನೇಮ್, ಅಂದರೆ 802.1ಎಕ್ಸ್. ಆಕ್ಸೆಸ್ ಪಾಯಿಂಟ್ ಬದಲಾದಾಗಲೆಲ್ಲ ಹ್ಯಾಂಡ್‌ಸೆಟ್ ಸರ್ವರ್‌ವರೆಗೂ ಹೋಗಿ ಮತ್ತೆ ಗುರುತು ಹೇಳಿಕೊಂಡು ಬರಬೇಕು. 802.11ಆರ್ ಅನ್ನೋ ಬೇಗ ದಾಟಿಸುವ ಸೌಲಭ್ಯ ಹಾಕಿದರೆ ಇದು ತಪ್ಪುತ್ತದೆ. ಹಾಕಿದೆವು. ಹಾಕಿದ ತಕ್ಷಣ ಸ್ಟೋರ್ಸ್‌ನ ಹಳೇ ಬಾರ್‌ಕೋಡ್ ಸ್ಕ್ಯಾನರ್‌ಗಳು ವೈಫೈಗೆ ಸೇರಲು ಒಪ್ಪಲಿಲ್ಲ. ಸರಿ, ಫೋನ್‌ಗೇ ಬೇರೆ ಎಸ್‌ಎಸ್‌ಐಡಿ (ವೈಫೈ ಹೆಸರು), ಬೇರೆ ವಿಲ್ಯಾನ್ (ಅದೇ ನೆಟ್‌ವರ್ಕ್ ಒಳಗೆ ಪ್ರತ್ಯೇಕ ಭಾಗ), 5 ಗಿಗಾಹರ್ಟ್ಸ್ ಮಾತ್ರ, 20 ಮೆಗಾಹರ್ಟ್ಸ್ ಚಾನೆಲ್. ರೇಡಾರ್ ಇದೆಯಾ ಅಂತ ಕಾದು ನೋಡಬೇಕಾದ ಡಿಎಫ್‌ಎಸ್ ಚಾನೆಲ್‌ಗಳನ್ನೂ ತೆಗೆದೆವು, ಅಲ್ಲಿ ಹ್ಯಾಂಡ್‌ಸೆಟ್ ಹುಡುಕುವುದು ನಿಧಾನ. ಡಬ್ಲ್ಯೂಎಂಎಂ ಆನ್, ಮಾತಿನ ಪ್ಯಾಕೆಟ್‌ಗೆ ಡಿಎಸ್‌ಸಿಪಿ 46, ಎರಡೂ ಮಾತಿಗೆ ಮೊದಲ ದಾರಿ ಬಿಡಿಸಲು. ಇಷ್ಟೆಲ್ಲ ಮಾಡಿದ ಮೇಲೆ ಆಫೀಸ್ ಮಹಡಿಯಲ್ಲಿ ಡೆಕ್ಟ್‌ಗೂ ಇದಕ್ಕೂ ವ್ಯತ್ಯಾಸ ಹೇಳಲು ಆಗಲಿಲ್ಲ, ಸುಳ್ಳು ಹೇಳಬಾರದು. ಆದರೆ ಶೆಡ್‌ನಲ್ಲಿ ಅದೇ ಮಟ್ಟ ಬೇಕು ಅಂದರೆ ಇನ್ನಷ್ಟು ಆಕ್ಸೆಸ್ ಪಾಯಿಂಟ್, ಇನ್ನಷ್ಟು ಕೇಬಲ್. ಅಗ್ಗ ಅನ್ನೋ ಮಾತು ಹೋಯಿತು. ಬ್ಯಾಟರಿಯಲ್ಲೂ ಡೆಕ್ಟ್ ಮುಂದೆ. ಶಿಫ್ಟ್ ಮುಗಿದರೂ ಅದರಲ್ಲಿ ಚಾರ್ಜ್ ಇರುತ್ತದೆ, ವೈಫೈನದನ್ನು ಊಟದ ಹೊತ್ತಿಗೆ ಚಾರ್ಜರ್ ತೊಟ್ಟಿಲಿಗೆ ಇಡಬೇಕು.

ಆ್ಯಪ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಮ್ಯಾನೇಜರ್‌ಗಳಿಗೆ ಬಹಳ ಇಷ್ಟವಾಯಿತು, ಶಾಪ್ ಫ್ಲೋರ್‌ನವರಿಗೆ ಒಂದಿಷ್ಟೂ ಇಲ್ಲ. ಆಂಡ್ರಾಯ್ಡ್ ಬ್ಯಾಟರಿ ಉಳಿಸುತ್ತೇನೆ ಅಂತ ಆ್ಯಪ್ ಅನ್ನು ಮಲಗಿಸಿಬಿಡುತ್ತದೆ. ಎಬ್ಬಿಸುವ ಸಂದೇಶ (ಪುಶ್) ಬಂದು ಅದು ಎಚ್ಚರವಾಗುವ ಹೊತ್ತಿಗೆ ಕರೆದವರು ಇಟ್ಟಿರುತ್ತಾರೆ. ಗೇಟ್ ದಾಟಿದಾಗ ವೈಫೈಯಿಂದ ಮೊಬೈಲ್ ಡೇಟಾಗೆ ಹಾರುತ್ತದೆ, ಐಪಿ ವಿಳಾಸ ಬದಲಾಗುತ್ತದೆ. ಆ್ಯಪ್ ಚುರುಕಾಗಿದ್ದರೆ ಒಂದೆರಡು ಮಾತು ನುಂಗಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಕಾಲ್ ಹೋಯಿತು. ಎಣ್ಣೆ ಕೈಯಲ್ಲಿ ಟಚ್ ಸ್ಕ್ರೀನ್ ಒರೆಸುವ ಕಷ್ಟ ಬೇರೆ.

ಆದರೆ ಎರಡು ಊರಿನ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ವೈಫೈ ಹ್ಯಾಂಡ್‌ಸೆಟ್‌ಗೂ ಆ್ಯಪ್‌ಗೂ ಊರಿನ ಹಂಗಿಲ್ಲ. ದಾಬಸ್‌ಪೇಟೆಯಲ್ಲಿ ಅದೇ ಎಸ್‌ಎಸ್‌ಐಡಿ ಇದ್ದರೆ ಫೋನ್ ತಾನೇ ಸೇರಿಕೊಂಡು, ಲೀಸ್ಡ್ ಲೈನ್ ಮೂಲಕ ಪೀಣ್ಯದ ಸರ್ವರ್‌ಗೆ ರಿಜಿಸ್ಟರ್ ಆಗುತ್ತದೆ, ನಂಬರ್ ಪೀಣ್ಯದಲ್ಲಿದ್ದದ್ದೇ, ಉದಾಹರಣೆಗೆ 214. ಡೆಕ್ಟ್‌ನಲ್ಲಿ ಹಾಗಲ್ಲ. ಹ್ಯಾಂಡ್‌ಸೆಟ್ ಅನ್ನು ಎರಡೂ ಕಡೆಯ ಸಿಸ್ಟಂಗೆ ರಿಜಿಸ್ಟರ್ ಮಾಡಿ, ಬೇಸ್ ಆಯ್ಕೆಯನ್ನು ಆಟೋಮ್ಯಾಟಿಕ್ ಮಾಡಬೇಕು. ಅಲ್ಲಿ ಅದು 314 ಆಗುತ್ತದೆ. 214ನ್ನೂ 314ನ್ನೂ ಒಂದೇ ರಿಂಗ್ ಗ್ರೂಪ್‌ನಲ್ಲಿ (ಒಂದು ನಂಬರ್‌ಗೆ ಕರೆದರೆ ಎರಡೂ ರಿಂಗ್ ಆಗುವಂತೆ) ಹಾಕಿ, ಎಲ್ಲರಿಗೂ ಆ ಗ್ರೂಪ್ ನಂಬರನ್ನೇ ಹೇಳಿದೆವು. ಕರೆ ಬರುವುದು ಸರಿಹೋಯಿತು. ಹೋಗುವ ಕರೆಯಲ್ಲಿ ಮಾತ್ರ ಎದುರಿಗೆ 314 ಅಂತ ಕಾಣುತ್ತಿತ್ತು. ಯಾರಪ್ಪಾ ಇದು ಅಂತ ಕೆಲವರು ಎತ್ತುತ್ತಿರಲಿಲ್ಲ. ಎರಡೂ ಎಕ್ಸ್‌ಟೆನ್ಶನ್‌ಗೆ ಒಂದೇ ಹೆಸರು ಕೊಟ್ಟ ಮೇಲೆ ಗೊಣಗಾಟ ನಿಂತಿತು. ಎರಡೂ ಊರಿನ ಬೇಸ್‌ಗಳನ್ನು ಒಂದೇ ಡೆಕ್ಟ್ ಮ್ಯಾನೇಜರ್ (ಬೇಸ್‌ಗಳನ್ನು ನಡೆಸುವ ವ್ಯವಸ್ಥೆ) ಕೆಳಗೆ ತರುವ ದಾರಿಯೂ ಇದೆ, ಆಗ ನಂಬರ್ ಒಂದೇ. ನಾನೇ ಬೇಡ ಅಂದೆ. ಅದು ಪೀಣ್ಯದಲ್ಲಿ ಕೂತರೆ, ಲೀಸ್ಡ್ ಲೈನ್ ಬಿದ್ದ ದಿನ ದಾಬಸ್‌ಪೇಟೆಯ ಒಬ್ಬರೂ ಪಕ್ಕದ ಮೆಷಿನ್‌ನವರಿಗೂ ಫೋನ್ ಮಾಡಲು ಆಗಲ್ಲ. ವೈಫೈನದೂ ಇದೇ ಕಥೆ, ದಾಬಸ್‌ಪೇಟೆಯಲ್ಲೂ ಒಂದು ಬ್ಯಾಕಪ್ ಸರ್ವರ್ ಇಡದಿದ್ದರೆ.

ಇನ್ನು ಕರೆಂಟ್. ಬೇಸ್‌ಗಳಿಗೂ ಆಕ್ಸೆಸ್ ಪಾಯಿಂಟ್‌ಗಳಿಗೂ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ) ಸ್ವಿಚ್‌ನಿಂದಲೇ ಪವರ್. ಕರೆಂಟ್ ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಸ್ವಿಚ್ ಆಫ್ ಆದರೆ ಎಲ್ಲ ಬೇಸ್‌ಗಳೂ ಮೊದಲಿನಿಂದ ಎದ್ದು, ಸರಪಳಿಯಲ್ಲಿ ಒಂದೊಂದಾಗಿ ಸಿಂಕ್ ಆಗಬೇಕು. ಸ್ವಿಚ್‌ಗೆ ಯುಪಿಎಸ್ ಇಲ್ಲದೆ ಈ ಮೂರರಲ್ಲಿ ಯಾವುದನ್ನೂ ಹಾಕಬೇಡಿ.

ಕೊನೆಗೆ ನಾವು ಕೊಂಡದ್ದು ಹೀಗೆ. ಎರಡೂ ಶೆಡ್‌ಗೆ ಡೆಕ್ಟ್. ಎರಡೂ ಊರಿಗೆ ಓಡಾಡುವ ಮ್ಯಾನೇಜರ್‌ಗಳಿಗೆ ಆ್ಯಪ್, ಪ್ರಯಾಣ ಮಾಡುವ ಮೇಂಟೆನೆನ್ಸ್ ತಂಡಕ್ಕೆ ಮಾತ್ರ ಡಬಲ್ ರಿಜಿಸ್ಟರ್ ಮಾಡಿದ ಡೆಕ್ಟ್. ವೈಫೈ ಹ್ಯಾಂಡ್‌ಸೆಟ್ ಬಿಟ್ಟೆವು. ಹೊಸ ಕಟ್ಟಡಕ್ಕೆ ಮೊದಲೇ ಮಾತಿನ ಲೆಕ್ಕ ಹಿಡಿದು ವೈಫೈ ಹಾಕಿಸುವವರಾದರೆ ಅದನ್ನು ಧೈರ್ಯವಾಗಿ ನೋಡಬಹುದು. ಪಿಒ (ಖರೀದಿ ಆರ್ಡರ್) ಕೊಡುವ ಮೊದಲು ಡೆಮೊ ಕಿಟ್ ಕೇಳಿ ಪಡೆಯಿರಿ, ನೈಟ್ ಶಿಫ್ಟ್‌ನಲ್ಲೂ ಒಮ್ಮೆ ಎಣಿಸುತ್ತಾ ನಡೆಯಿರಿ, ಎಲ್ಲ ಶಟರ್ ಇಳಿಸಿಕೊಂಡು. ಗೇಟ್ ಸೆಕ್ಯೂರಿಟಿಗೆ ಮಾತ್ರ ತಂತಿ ಇರುವ ಹಳೇ ಫೋನನ್ನೇ ಉಳಿಸಿದೆವು. ಅವರು ಗೇಟ್ ಬಿಟ್ಟು ಹೋಗುವ ಹಾಗಿಲ್ಲ, ಚಾರ್ಜ್ ಹಾಕುವ ತಾಪತ್ರಯವೂ ಇಲ್ಲ.